ಕರೆಂಟಿನ ಗುಂಯ್ ಸದ್ದೇ ಶ್ರುತಿ: ಗ್ಲಾಸ್ಗೋದ ಹಳೆಯ ಸ್ಕಿಫಲ್, ಬೀಟ್ ಟೇಪುಗಳು

ಟೇಪು ಬಾಗಿದೆ, ವಿನೆಗರ್ ವಾಸನೆ ಹೊಡೆಯುತ್ತಿದೆ, ಯಾವ ವೇಗದಲ್ಲಿ ಮುದ್ರಿಸಿದ್ದೆಂದು ಯಾರಿಗೂ ನೆನಪಿಲ್ಲ, ಇದರಿಂದ ಹಾಡು ತೆಗೆಯುತ್ತೀರಾ ಎಂದು ನಕ್ಕವರು ಬಹಳ. ಹಾಡು ಬಂತು, ಅದೂ ಸರಿಯಾದ ಶ್ರುತಿಯಲ್ಲಿ. ಆದ್ದರಿಂದ ಬರೆಯುತ್ತಿದ್ದೇನೆ.

ಸ್ಕಿಫಲ್ ಹಾಡುಗಾರ ಲಾನಿ ಡಾನೆಗನ್ ಹುಟ್ಟಿದ್ದು ಗ್ಲಾಸ್ಗೋದ ಬ್ರಿಜ್‌ಟನ್‌ನಲ್ಲಿ, 1931ರಲ್ಲಿ. 1956ರಲ್ಲಿ ಅವನ ಡಿಸ್ಕ್ ಓಡತೊಡಗಿದ ಮೇಲೆ ಸ್ಕಾಟ್ಲೆಂಡಿನಲ್ಲೂ ಗಿಟಾರ್, ಬಟ್ಟೆ ಉಜ್ಜುವ ವಾಶ್‌ಬೋರ್ಡ್, ಟೀ ಪೆಟ್ಟಿಗೆಗೆ ಕೋಲು, ತಂತಿ ಕಟ್ಟಿ ಮಾಡಿದ ಬಾಸ್ ಹಿಡಿದ ಹುಡುಗರ ಸ್ಕಿಫಲ್ ಗುಂಪುಗಳು ಬೀದಿಬೀದಿಯಲ್ಲಿ ಹುಟ್ಟಿಕೊಂಡವು. ಅವರಲ್ಲಿ ಹಲವರು 1960ರ ಹೊತ್ತಿಗೆ ಆಂಪ್ಲಿಫೈಯರ್ ಕೊಂಡು ಎಲೆಕ್ಟ್ರಿಕ್ ಗಿಟಾರಿನ ಬೀಟ್ ಗುಂಪುಗಳಾದರು. ಪೊಯೆಟ್ಸ್, ಬೀಟ್‌ಸ್ಟಾಕರ್ಸ್ ತರಹದ ಕೆಲವರಿಗೆ ಡೆಕ್ಕಾದಂಥ ರೆಕಾರ್ಡ್ ಕಂಪನಿ ಸಿಕ್ಕಿತು. ಮಿಕ್ಕವರ ಹಾಡು ಉಳಿದಿದ್ದರೆ ಯಾರದೋ ಮನೆಯ ಗ್ರುಂಡಿಗ್ ಯಂತ್ರದಲ್ಲಿ ಮುದ್ರಿಸಿದ ಕಾಲಿಂಚಿನ ಟೇಪಿನಲ್ಲಿ ಮಾತ್ರ.

ನಾನು ಟೇಪು ನುಡಿಸಿದ ಯಂತ್ರ: ರೆವಾಕ್ಸ್ ಎ77 ರೀಲ್ ರೆಕಾರ್ಡರ್, ಕ್ವಾರ್ಟರ್ ಟ್ರ್ಯಾಕ್ ಹೆಡ್ ಇರುವುದು. ಹೆಡ್ ಎಂದರೆ ಟೇಪನ್ನು ಓದುವ ಭಾಗ, ಇದು ಟೇಪಿನ ಅಗಲವನ್ನು ನಾಲ್ಕು ಪಟ್ಟಿಯಾಗಿ ನೋಡುತ್ತದೆ. ಸರ್ವಿಸ್ ಸೇರಿ ಸುಮಾರು 450 ಪೌಂಡ್ ಆಯಿತು ಅಂತ ನೆನಪು. ಅಗ್ಗಕ್ಕೆ ಸಿಗುವ ಸರ್ವಿಸ್ ಆಗದ ಯಂತ್ರಕ್ಕೆ ನೇರ ಕರೆಂಟ್ ಕೊಡಬೇಡಿ. ಅದರೊಳಗಿನ ರಿಫಾ ಕೆಪಾಸಿಟರ್ ಮೊದಲು ಹೊಗೆ ಬಿಡುತ್ತದೆ, ಮೋಟರಿನವು ಆಮೇಲೆ ಕೈಕೊಡುತ್ತವೆ. ಆ ಭಾಗಗಳ ಬೆಲೆ ಆಗ 40 ಪೌಂಡೂ ದಾಟಲಿಲ್ಲ. ದುಡ್ಡು ತಿನ್ನುವುದು ಸವೆದ ಹೆಡ್ಡು. ಕೊಳ್ಳುವ ಮೊದಲು ಟಾರ್ಚ್ ಹಿಡಿದು ಹೆಡ್ಡಿನ ಮುಖ ನೋಡಿ, ಉಗುರಿಗೆ ಮೆಟ್ಟಿಲು ತಗುಲಿದರೆ ಬಿಟ್ಟುಬಿಡಿ.

ಟೇಪು ಯಾವ ಪ್ಲಾಸ್ಟಿಕ್ಕಿನದೆಂದು ತಿಳಿಯಲು ರೀಲನ್ನು ಬೆಳಕಿಗೆ ಹಿಡಿಯಬೇಕು. ಸುತ್ತುಗಳ ಮೂಲಕ ಬೆಳಕು ತೂರಿ ಬಂದರೆ ಅಸಿಟೇಟ್ (ಕೆಟ್ಟಾಗ ವಿನೆಗರ್ ವಾಸನೆ ಹೊಡೆಯುವುದು ಇದೇ), ಕಪ್ಪಗಿದ್ದರೆ ಬಹುಮಟ್ಟಿಗೆ ಪಾಲಿಯೆಸ್ಟರ್. ಅಸಿಟೇಟ್ ಟೇಪನ್ನು ಒಲೆಯಲ್ಲಿ ಬೇಯಿಸಬೇಡಿ. ಬೇಯಿಸುವ ಚಿಕಿತ್ಸೆ 70ರ ದಶಕದಿಂದೀಚಿನ ಅಂಟಂಟು ಪಾಲಿಯೆಸ್ಟರ್ ಟೇಪುಗಳದ್ದು. 50ರ ದಶಕದ ಅಸಿಟೇಟಿಗೆ ಅದೇ ಬಿಸಿ ಕೊಟ್ಟರೆ ಇನ್ನಷ್ಟು ಮುರುಟಿ ಪುಡಿಯಾಗುತ್ತದೆ. ಟೇಪ್ ಕತ್ತರಿಸಿ ಅಂಟಿಸಿದ ಕಡೆ ಮಾಮೂಲಿ ಸೆಲೋಟೇಪ್ ಹಾಕಿದ್ದರೆ ಅಂಟು ಪಕ್ಕದ ಸುತ್ತಿಗೂ ಇಳಿದಿರುತ್ತದೆ. ಹತ್ತಿಕಡ್ಡಿಗೆ ಸಿಗರೇಟ್ ಲೈಟರಿನ ದ್ರವ ಹಚ್ಚಿ ಒರೆಸಿದರೆ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹೆಡ್ಡಿಗೆ, ಗೈಡುಗಳಿಗೆ ಇರಲಿ, ಅಸಿಟೇಟ್ ಟೇಪಿನ ಮೇಲೆ ಬೇಡ.

ಬಾಗಿದ ಟೇಪು ಹೆಡ್ಡಿಗೆ ಪೂರ್ತಿ ತಾಗದೆ ಮೇಲಿನ ಸ್ವರಗಳೆಲ್ಲ ಮಾಯವಾಗುತ್ತವೆ, ಸಿಂಬಲ್ ಸತ್ತೇಹೋದಂತಿರುತ್ತದೆ. ವೇಗದ ರಿವೈಂಡ್ ಮಾಡದೆ, ಪ್ಲೇ ವೇಗದಲ್ಲೇ ಸಡಿಲವಾಗಿ ಸುತ್ತಿ, ತಂಪಾದ ಒಣಕೋಣೆಯಲ್ಲಿ ಕೆಲವು ವಾರ ಇಟ್ಟರೆ ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ನನ್ನದೊಂದು ಉಪಾಯವಿದೆ, ಫೆಲ್ಟ್ ತುಂಡಿನದ್ದು. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮನೆಯ ಯಂತ್ರಗಳು ಟೇಪಿನ ಅರ್ಧ ಅಗಲದಲ್ಲಿ ಒಂದು ಬದಿ, ಇನ್ನರ್ಧದಲ್ಲಿ ಮತ್ತೊಂದು ಬದಿ ಮುದ್ರಿಸುತ್ತಿದ್ದವು. ನಮ್ಮ ಕ್ವಾರ್ಟರ್ ಟ್ರ್ಯಾಕ್ ಹೆಡ್ಡು ಓದುವುದು 1 ಮತ್ತು 3ನೇ ಪಟ್ಟಿ. ಎಡ ಚಾನೆಲಿನಲ್ಲಿ ಮೊದಲ ಬದಿ ನೆಟ್ಟಗೆ, ಬಲದಲ್ಲಿ ಎರಡನೇ ಬದಿ ಹಿಂದುಮುಂದಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಬಲವನ್ನು ತಿರುಗಿಸಿದರೆ ಒಂದೇ ಓಟದಲ್ಲಿ ಎರಡೂ ಬದಿ ಸಿಕ್ಕಿದಂತೆ. ಮುರಿಯುವ ಟೇಪಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಗದ್ದಲ ಚೂರು ಹೆಚ್ಚುತ್ತದೆ ನಿಜ, ಅಗಲದ ಅರ್ಧವನ್ನೇ ಓದುತ್ತಿದ್ದೇವಲ್ಲ. ಟೇಪು ಇನ್ನೊಂದು ಓಟ ತಡೆಯುವಂತಿದ್ದರೆ ರೀಲ್ ತಿರುಗಿಸಿ ಹಾಕಿ, ಆಗ 4 ಮತ್ತು 2ನೇ ಪಟ್ಟಿ ಸಿಗುತ್ತವೆ. ಅಂಚು ಸವೆದ ಟೇಪಿನಲ್ಲಿ 1, 4 ಕತ್ತರಿಸಿ ಕತ್ತರಿಸಿ ಕೇಳಿಸಿದರೂ ಒಳಗಿನ 2, 3 ಗಟ್ಟಿಯಾಗಿರುತ್ತವೆ. ಗಮನಿಸಿ: ಒಳಗಿನ ಪಟ್ಟಿ ಯಾವಾಗಲೂ ಬಲ ಚಾನೆಲಿನಲ್ಲಿ, ಹಿಂದುಮುಂದಾಗಿಯೇ ಬರುವುದು. ಎರಡು ಓಟಗಳನ್ನು ಕೂಡಿಸಿ ಒಂದು ಮಾಡಲು ಹೋಗಬೇಡಿ, ವೇಗದ ಸಣ್ಣ ಏರಿಳಿತದಿಂದ ಎರಡೂ ಜಗಳವಾಡಿ ನೀರಿನೊಳಗಿನ ಸದ್ದಾಗುತ್ತದೆ. ಒಂದನ್ನು ಆರಿಸಿಕೊಳ್ಳುವುದೇ ವಾಸಿ.

ಇನ್ನು ವೇಗ. ಸೆಕೆಂಡಿಗೆ ಮೂರೂಮುಕ್ಕಾಲು ಇಂಚು ಎಂದು ಯಂತ್ರದ ಮೇಲೆ ಬರೆದಿದ್ದರೂ ಬೆಲ್ಟ್ ಸಡಿಲವಾದರೆ ಶೇಕಡ ಮೂರು ನಾಲ್ಕು ಆಚೀಚೆ. ಕಿವಿಗೆ ಸರಿಕಂಡಷ್ಟು ತಿರುಗಿಸುವುದು ಎಲ್ಲರ ಪದ್ಧತಿ. ನಾನು ಹಿಡಿದದ್ದು ಟೇಪಿನಲ್ಲೇ ಕೂತಿರುವ ಕರೆಂಟಿನ ಗುಂಯ್ ಸದ್ದನ್ನು. ಬ್ರಿಟನ್ನಿನ ಕರೆಂಟು 50 ಹರ್ಟ್ಸ್. ಡಾನ್ಸ್ ಹಾಲ್‌ನಲ್ಲಿದ್ದ ಸೆಲ್ಮರ್, ವಾಟ್ಕಿನ್ಸ್, ವಾಕ್ಸ್ ಆಂಪ್ಲಿಫೈಯರುಗಳೂ ರೆಕಾರ್ಡರೂ ಹಾಡಿನುದ್ದಕ್ಕೂ ತಂಬೂರಿಯಂತೆ ಅದನ್ನೇ ಮಿಡಿಯುತ್ತಿರುತ್ತವೆ. ಈಗ ನುಡಿಸಿ, ಯಾವ ಹರ್ಟ್ಸಿನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಚಿತ್ರದಲ್ಲಿ ಆ ಸದ್ದಿನ ಗೆರೆ 48.5ರಲ್ಲಿ ಕಂಡರೆ ವೇಗವನ್ನು 50 ಭಾಗಿಸು 48.5, ಅಂದರೆ 1.031ರಿಂದ ಗುಣಿಸಬೇಕು. ಶ್ರುತಿಯಲ್ಲಿ ಅದು ಸುಮಾರು ಅರ್ಧ ಸೆಮಿಟೋನ್, ಅಂದರೆ ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಅರ್ಧ. ಆ ಕಾಲದ ಗ್ರಿಡ್ಡೂ ಚೂರು ಓಲಾಡುತ್ತಿತ್ತು ಎಂದು ಎತ್ತಿ ಆಡುವವರಿದ್ದಾರೆ. ಇರಲಿ, ಕಿವಿಯ ಅಂದಾಜಿಗಿಂತ ಅದು ಎಷ್ಟೋ ಮೇಲು.

50ನ್ನೇ ಅಳೆಯಲು ಹೋದರೆ ಗೆರೆ ದಪ್ಪವಾಗಿ ಕಾಣುತ್ತದೆ. ಫೈಲಿನ ಪ್ರತಿ ಮಾಡಿ 4000 ಹರ್ಟ್ಸಿಗೆ ರೀಸ್ಯಾಂಪಲ್ ಮಾಡಿ, ಆಡಾಸಿಟಿ ತಂತ್ರಾಂಶದಲ್ಲಿ 65536 ಅಳತೆಯ ಸ್ಪೆಕ್ಟ್ರಮ್ ತೆಗೆಯಿರಿ. ಅದಕ್ಕೆ 16 ಸೆಕೆಂಡಿನಷ್ಟು ಸದ್ದು ಬೇಕು. ಗುಂಯ್ ಸದ್ದು 50ರ ಗುಣಿತಗಳಲ್ಲೂ ಇರುತ್ತದೆ, ಹಾಗಾಗಿ 50 ಬಿಟ್ಟು 150 ಅಥವಾ 300ರ ಗೆರೆ ಓದಿ. ಅಲ್ಲಿ ವ್ಯತ್ಯಾಸ ಮೂರು ಪಟ್ಟು, ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಲುಗಾಡದೆ ಸರಿಯಾಗಿ 50ರಲ್ಲೇ ನಿಂತ ಗೆರೆಯೊಂದು ಕಂಡರೆ ಅದು ಈವತ್ತಿನ ನಿಮ್ಮ ಮನೆಯ ಕರೆಂಟು, ಟೇಪಿನದ್ದಲ್ಲ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಕೇಬಲ್ ಬದಲಿಸಿ, ಅದನ್ನು ಮೊದಲು ಅಡಗಿಸಿ.

ಅಳೆಯುವುದು ಹಾಡು ಶುರುವಾಗುವ ಮುಂಚಿನ ಮೌನದಲ್ಲಿ. ಯಾಕೆಂದರೆ ಟೀ ಪೆಟ್ಟಿಗೆಯ ಬಾಸ್ ಗುದ್ದುವುದೂ ಸರಿಸುಮಾರು ಅದೇ ಜಾಗದಲ್ಲಿ. ಇದನ್ನು ಖಾತ್ರಿ ಮಾಡಿಕೊಳ್ಳಲು ಒಂದು ಬಾಸ್ ಕಟ್ಟಿಯೇ ನೋಡಿದೆ. ಅಸ್ಸಾಂ, ಸಿಲೋನ್ ಎಂದು ಮುದ್ರೆ ಹೊಡೆದ ಅಸಲಿ ಪೆಟ್ಟಿಗೆಗೆ ಬ್ರಿಟನ್ನಿನಲ್ಲಿ ಈಗ ಪುರಾತನ ವಸ್ತುವಿನ ಬೆಲೆ, ಹಾಗಾಗಿ ಪ್ಲೈವುಡ್ಡಿನಲ್ಲಿ ಮಾಡಿದ್ದು. 6 ಮಿಲಿಮೀಟರ್ ಹಲಗೆ ಮೂಕ, 4ರದ್ದು ಚೆನ್ನಾಗಿ ಮಾತಾಡಿತು. ತಂತಿಗೆ ಹುಲ್ಲು ಕತ್ತರಿಸುವ ಯಂತ್ರದ 2.4 ಮಿಲಿಮೀಟರ್ ನೈಲಾನ್ ದಾರ, ಕೋಲಿಗೆ ಕಸಪೊರಕೆಯ ಹಿಡಿ. ತೆರೆದ ಬಾಯಿ ಕೆಳಗೆ, ಒಂದಂಚಿಗೆ ಇಟ್ಟಿಗೆ ಚೂರು ಕೊಟ್ಟು ಎತ್ತದಿದ್ದರೆ ಸದ್ದು ಒಳಗೇ ಸಾಯುತ್ತದೆ. ಖರ್ಚು 25 ಪೌಂಡ್ ಇರಬಹುದು. ಮನೆಯವರ ಅಭಿಪ್ರಾಯ ಇಲ್ಲಿ ಬೇಡ.

ಬ್ಯಾಟರಿ ರೆಕಾರ್ಡರಿನಲ್ಲಿ ಹಿಡಿದ, ಆಂಪ್ಲಿಫೈಯರ್ ಇಲ್ಲದ ಸ್ಕಿಫಲ್ ಟೇಪಿನಲ್ಲಿ ಗುಂಯ್ ಸದ್ದೇ ಇರುವುದಿಲ್ಲ. ಅಲ್ಲಿ ಮೌತ್ ಆರ್ಗನ್, ಅಕಾರ್ಡಿಯನ್ ಹುಡುಕಬೇಕು, ಲೋಹದ ರೀಡು ಸುಲಭಕ್ಕೆ ಶ್ರುತಿ ಬಿಡುವುದಿಲ್ಲ. ಗಿಟಾರನ್ನು ನಂಬಬೇಡಿ, ಹಾಲಿನ ಪಿಯಾನೊ ಎಷ್ಟು ಇಳಿದಿತ್ತೋ ಗಿಟಾರೂ ಅಷ್ಟೇ ಇಳಿದಿರುತ್ತದೆ. ನಮ್ಮ ಕರ್ನಾಟಕದಲ್ಲಿ ಯಕ್ಷಗಾನ, ನಾಟಕಗಳ ರೀಲು ಇಟ್ಟುಕೊಂಡವರೂ ಹಾರ್ಮೋನಿಯಮ್ಮನ್ನೇ ಹಿಡಿಯುವುದು ಒಳ್ಳೆಯದು. ಭಾರತದ ಕರೆಂಟೂ 50 ಹರ್ಟ್ಸೇ ಆದರೂ ಗ್ರಿಡ್ಡು ಬಹಳ ವರ್ಷ 48ರಿಂದ 51ರವರೆಗೆ ಅಡ್ಡಾಡುತ್ತಿತ್ತು.

ಶ್ರುತಿ ಸರಿಯಾದ ಮೇಲೆಯೇ ನೆನಪು ಕೇಳಲು ಹೋಗಬೇಕು. ಅರ್ಧ ಸೆಮಿಟೋನ್ ತಪ್ಪಿದ್ದನ್ನು ಕೇಳಿಸಿದರೆ ಎಂಬತ್ತು ದಾಟಿದ ಗಿಟಾರ್ ವಾದಕರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಸರಿಯಾದದ್ದು ಕೇಳಿದರೆ ಎಡಗೈ ತಾನಾಗಿ ಗಿಟಾರಿನ ಕಾರ್ಡ್ (ಸ್ವರಗುಚ್ಛ) ಹಿಡಿಯುತ್ತದೆ, ಹಿಂದೆಯೇ ಹಾಲಿನ ಹೆಸರು ಬರುತ್ತದೆ. ಇಸವಿ ಮಾತ್ರ ಕೇಳಬೇಡಿ. ಡ್ರಮ್ಮರ್ ಯಾರು, ಯಾರು ಸೈನ್ಯದಲ್ಲಿದ್ದರು ಎಂದು ಕೇಳಿ. ಕಡ್ಡಾಯ ಸೇನಾಸೇವೆಯ ಕರೆ 1960ರ ಕೊನೆಗೆ ನಿಂತಿತು. ಹುಡುಗ ಕರೆಬಂದು ಹೋದದ್ದಕ್ಕೆ ಗುಂಪು ಒಡೆದಿದ್ದರೆ ಟೇಪು ಅದಕ್ಕೂ ಹಿಂದಿನದು. ಫೋಟೊದಲ್ಲಿ ಅಮೆರಿಕದ ಫೆಂಡರ್ ಗಿಟಾರ್ ಕಂಡರೆ ಬಹುತೇಕ 1959ರ ನಂತರದ್ದು, ಅಲ್ಲಿಯವರೆಗೆ ಅಮೆರಿಕದ ವಾದ್ಯಗಳ ಆಮದಿಗೆ ತಡೆಯಿತ್ತು. ಗ್ಲಾಸ್ಗೋದ ಬ್ಯಾರೋಲ್ಯಾಂಡ್ ಡಾನ್ಸ್ ಹಾಲ್ ಎಂದರೆ ಸುಟ್ಟುಹೋದ ಹಳೆಯದೋ, 1960ರ ಕ್ರಿಸ್‌ಮಸ್ ಹಿಂದಿನ ದಿನ ತೆರೆದ ಹೊಸದೋ ಎಂದು ಮತ್ತೆ ಕೇಳಿ.

ಬೀಟಲ್ಸ್ ನಮ್ಮ ಹಾಲಿಗೆ ಬಂದಿದ್ದರು ಎನ್ನದವರಿಲ್ಲ. 1960ರ ಮೇನಲ್ಲಿ ಹಾಡುಗಾರ ಜಾನಿ ಜೆಂಟಲ್ ಹಿಂದೆ ನುಡಿಸುತ್ತ ಅವರು ಹೋದದ್ದು ಅಲೋವಾ, ಇನ್ವರ್‌ನೆಸ್, ಫ್ರೇಜರ್‌ಬರ, ಕೀತ್, ಫಾರಸ್, ನೇರ್ನ್, ಪೀಟರ್‌ಹೆಡ್. 1963ರ ಜನವರಿಯಲ್ಲಿ ಎಲ್ಗಿನ್, ಡಿಂಗ್‌ವಾಲ್, ಬ್ರಿಜ್ ಆಫ್ ಅಲನ್, ಅಬರ್‌ಡೀನ್. ನೆನಪನ್ನು ಹೀಗೆ ಪರೀಕ್ಷಿಸಲು ಆ ವಾರದ ಸ್ಥಳೀಯ ಪತ್ರಿಕೆಯ ಡಾನ್ಸ್ ಜಾಹೀರಾತು ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಂಥ ಕಡೆ ಸಿಗುತ್ತದೆ, ಬಿಡಿಕಾಸು ಖರ್ಚಿಲ್ಲ.

ಕಡೆಗೆ ಫೈಲು: ಮೂಲ ವರ್ಗಾವಣೆ 24 ಬಿಟ್, 96 ಕಿಲೊಹರ್ಟ್ಸ್, ವೇಗ ಮುಟ್ಟದೆ. ಸರಿಪಡಿಸಿದ್ದು ಬೇರೆ ಪ್ರತಿ, ಅದರ ಹೆಸರಿನಲ್ಲೇ 1.031 ಎಂದು ಗುಣಕ ಬರೆದಿಡಿ. ವಿನೆಗರ್ ವಾಸನೆಯ ರೀಲನ್ನು ಉಳಿದವುಗಳ ಜೊತೆ ಒಂದೇ ಕಪಾಟಿನಲ್ಲಿ ಇಡಬೇಡಿ, ಆ ಆವಿ ಪಕ್ಕದ್ದನ್ನೂ ಕೆಡಿಸುತ್ತದೆ.