ಒಣದ್ರಾಕ್ಷಿ ಪೊಟ್ಟಣದ ಮೇಲೆ ಕನ್ನಡ ಅಕ್ಷರ ಜೋಡಿಸುವ ಬಗೆ

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿಯನ್ನು ತಾವೇ ಪೊಟ್ಟಣ ಕಟ್ಟಿ ಮಾರಲು ಹೊರಟಾಗ ವಿನ್ಯಾಸದ ಕೆಲಸ ಸಾಮಾನ್ಯವಾಗಿ ಹಣ್ಣಿನ ಚಿತ್ರದಿಂದ ಶುರುವಾಗುತ್ತದೆ. ಅದನ್ನು ಬದಿಗಿಟ್ಟು ಮೊದಲು ಹೆಸರನ್ನು ಬರೆದುಕೊಳ್ಳಿ. ‘ಒಣದ್ರಾಕ್ಷಿ’ ಎಂಬ ಪದದಲ್ಲಿ ಎರಡು ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುತ್ತವೆ, ಕೊನೆಯ ಅಕ್ಷರದ ಗುಡಿಸು ಮೇಲೆ ಏಳುತ್ತದೆ. ಹೀಗಾಗಿ ಅದರ ಕೆಳಗೆ ಬರುವ ಸಾಲಿಗೆ ಇಂಗ್ಲಿಷ್ ಪದಕ್ಕೆ ಬಿಡುವಷ್ಟೇ ಜಾಗ ಬಿಟ್ಟರೆ ಒತ್ತುಗಳು ಆ ಸಾಲಿಗೆ ತಾಗುತ್ತವೆ.

ಫಾಂಟ್ ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತ ಪದ್ಧತಿಯದ್ದೇ ಆಗಿರಲಿ. ‘ಅನೇಕ್ ಕನ್ನಡ’ ಎಂಬ ಫಾಂಟ್‌ನಲ್ಲಿ ಅಗಲ ಮತ್ತು ಕಿರಿದಾದ ರೂಪಗಳೆರಡೂ ಇರುವುದರಿಂದ ಉದ್ದನೆಯ ಹೆಸರನ್ನು ಹಿಗ್ಗಿಸದೆ, ಕುಗ್ಗಿಸದೆ ಕೂಡಿಸಬಹುದು. ದುಂಡನೆಯ ದಪ್ಪ ಅಕ್ಷರ ಬೇಕಿದ್ದರೆ ‘ಬಾಲೂ ತಮ್ಮ’ ಫಾಂಟ್ ಇದೆ. ಒಮ್ಮೆ ನಾನು ಕಳಿಸಿದ ಕಡತವನ್ನು ಮುದ್ರಣಾಲಯದ ಹಳೆಯ ತಂತ್ರಾಂಶದಲ್ಲಿ ತೆರೆದಾಗ ಒತ್ತುಗಳೆಲ್ಲ ಕಳಚಿ, ‘ದ್‌ರಾಕ್‌ಷಿ’ ಎಂದು ಅಚ್ಚಾಗಿ ಬಂದಿತು. ಅಂದಿನಿಂದ ಅಕ್ಷರಗಳನ್ನು ರೇಖಾರೂಪಕ್ಕೆ, ಅಂದರೆ ಫಾಂಟ್‌ನ ಹಂಗಿಲ್ಲದ ಚಿತ್ರದ ಗೆರೆಗಳಿಗೆ, ತಿರುಗಿಸದೆ ಯಾವ ಕಡತವನ್ನೂ ಕಳಿಸಿಲ್ಲ.

ಕಾನೂನು ಕೇಳುವ ವಿವರಗಳು ಇಂಗ್ಲಿಷ್‌ನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಕನ್ನಡವನ್ನು ಅದರ ಜೊತೆಗೆ ಸೇರಿಸಬಹುದು. ಇದು ನನಗೆ ಹಿಡಿಸದ ನಿಯಮವಾದರೂ ವಿನ್ಯಾಸಕ್ಕೆ ಒಂದು ಅನುಕೂಲವಿದೆ: ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ, ತಯಾರಕರ ವಿಳಾಸ ಮುಂತಾದವನ್ನು ಹಿಂಬದಿಯಲ್ಲಿ ಇಂಗ್ಲಿಷ್‌ನಲ್ಲಿ ಅಡಕವಾಗಿ ಜೋಡಿಸಿ, ಮುಂಬದಿಯನ್ನು ಕನ್ನಡದ ಹೆಸರಿಗೆ ಧಾರಾಳವಾಗಿ ಬಿಟ್ಟುಕೊಡಬಹುದು. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿಗಳಿಗೂ ಜಾಗ ಕಾಯ್ದಿರಿಸಿ. ಮುಂಬದಿ 12 ಸೆಂ.ಮೀ. ಅಗಲ, 18 ಸೆಂ.ಮೀ. ಎತ್ತರವಿದ್ದರೆ ಅದರ ವಿಸ್ತೀರ್ಣ 216 ಚದರ ಸೆಂ.ಮೀ.; ಈ ಅಳತೆಗೆ ಸಸ್ಯಾಹಾರದ ಹಸಿರು ಚುಕ್ಕೆಯ ವ್ಯಾಸ ಕನಿಷ್ಠ 4 ಮಿ.ಮೀ. ಇರಬೇಕು.

ಹಿಂಬದಿಯಲ್ಲಿ ಕನ್ನಡ ವಿವರ ಸೇರಿಸುವುದಾದರೆ 8 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಸಿ ತುಸು ಹರಡುವುದರಿಂದ ಸಣ್ಣ ಒತ್ತುಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಬಿಟ್ಟರಂತೂ ಅಕ್ಷರವೇ ಸವೆದಂತೆ ಕಾಣುತ್ತದೆ. ಸಣ್ಣ ಅಕ್ಷರಗಳನ್ನು ಕಪ್ಪು ಎಂಬ ಒಂದೇ ಬಣ್ಣದಲ್ಲಿ ಇಡಿ, ಏಕೆಂದರೆ ನಾಲ್ಕು ಬಣ್ಣ ಬೆರೆಸಿದಾಗ ಒಂದು ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುತ್ತದೆ.

ಪಾರದರ್ಶಕ ಪೊಟ್ಟಣವಾದರೆ ಅಕ್ಷರದ ಹಿಂದೆ ಬಿಳಿ ಮಸಿಯ ಪದರ ಬೇಕೇ ಬೇಕು. ಇಲ್ಲದಿದ್ದರೆ ಹೊಂಬಣ್ಣದ ದ್ರಾಕ್ಷಿಯೊಳಗೆ ಕಂದು ಅಕ್ಷರ ಕರಗಿಹೋಗುತ್ತದೆ. ಪೊಟ್ಟಣವನ್ನು ಬಿಸಿಯಿಂದ ಅಂಟಿಸಿ ಮುಚ್ಚುವ, ಅಂದರೆ ಬೆಸುಗೆ ಬೀಳುವ, ಅಂಚಿನಲ್ಲಿ ಏನನ್ನೂ ಬರೆಯಬೇಡಿ.

ನಂತರ ವಿನ್ಯಾಸವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ದ್ರಾಕ್ಷಿ ತುಂಬಿದ ಪೊಟ್ಟಣಕ್ಕೆ ಅಂಟಿಸಿ, ಪರಿಚಯದ ಕಿರಾಣಿ ಅಂಗಡಿಯ ಕಪಾಟಿನಲ್ಲಿಟ್ಟು ಆರಡಿ ದೂರದಿಂದ ಓದಿ ನೋಡಿ. ಪೊಟ್ಟಣ ಉಬ್ಬಿದಾಗ ಅಂಚಿನ ಅಕ್ಷರಗಳು ಹಿಂದಕ್ಕೆ ಬಾಗುವುದು ಆಗ ಗೊತ್ತಾಗುತ್ತದೆ. ಬ್ಯಾಚ್ ಸಂಖ್ಯೆ ಮತ್ತು ದಿನಾಂಕದ ಮುದ್ರೆಗೆ ಬಿಟ್ಟ ಖಾಲಿ ಚೌಕ ಬೆಸುಗೆಯ ಸುಕ್ಕಿನೊಳಗೆ ಸಿಕ್ಕಿಲ್ಲವೆಂಬುದನ್ನೂ ಅಲ್ಲಿಯೇ ಖಚಿತಪಡಿಸಿಕೊಂಡು, ಆಮೇಲೆ ಮುದ್ರಣಕ್ಕೆ ಕೊಡಿ.