ಕೆಂಚನನ್ನು ಜರ್ಮನಿಗೆ ಕರೆದುಕೊಂಡು ಹೋದದ್ದು

ನಮ್ಮ ಕೆಂಚ ಅಪ್ಪಟ ಊರುನಾಯಿ. ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಮಂಗ ಓಡಿಸಿಕೊಂಡು, ಅನ್ನ ಮಜ್ಜಿಗೆ ಉಂಡುಕೊಂಡು ಬೆಳೆದವನು. ನನಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಅಪ್ಪ ಅಮ್ಮ ಬೆಂಗಳೂರಿನ ಅಕ್ಕನ ಮನೆ ಸೇರುವವರಿದ್ದರು. "ಅದನ್ನ ಅಲ್ಲಿಗೆಲ್ಲ ಯಾಕೆ ಮಾರಾಯ, ಪಕ್ಕದ ಮನೆಯವರು ನೋಡ್ಕೊಳ್ತಾರಲ್ಲ" ಅಂದರು ಅಪ್ಪ. ಅವರ ಮಾತಲ್ಲಿ ಅರ್ಥ ಇಲ್ಲದಿಲ್ಲ. ಕೆಂಚನಿಗೆ ವಯಸ್ಸಾಗಿದ್ದರೆ ನಾನೂ ಬಿಟ್ಟೇ ಹೋಗುತ್ತಿದ್ದೆ. ಮುದಿ ನಾಯಿಗೆ ಈ ಪ್ರಯಾಣ ಬೇಡ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗಂತೂ ವಿಮಾನದ ಸರಕು ಜಾಗದಲ್ಲಿ ಉಸಿರು ಕಟ್ಟುವ ಅಪಾಯ ಜಾಸ್ತಿ. ಎಷ್ಟೋ ವಿಮಾನ ಕಂಪನಿಗಳು ಅವನ್ನು ಹತ್ತಿಸಿಕೊಳ್ಳುವುದೇ ಇಲ್ಲ.

ಕರೆದೊಯ್ಯುವುದು ಅಂತ ತೀರ್ಮಾನ ಆದ ಮೇಲೆ ಮೊದಲು ಗೊತ್ತಾಗಿದ್ದು ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅಂತ. ಐರೋಪ್ಯ ಒಕ್ಕೂಟದ ಲೆಕ್ಕದಲ್ಲಿ ಭಾರತ ರೇಬೀಸ್ ಹತೋಟಿಯಲ್ಲಿರುವ ದೇಶಗಳ ಪಟ್ಟಿಯಲ್ಲಿಲ್ಲ. ಅದಕ್ಕೆ ಕ್ರಮ ಹೀಗೆ: ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ತುಂಬುವ ತನಕ ಒಳಗೆ ಬಿಡುವುದಿಲ್ಲ. ಕೂಡಿದರೆ ಕಮ್ಮಿ ಅಂದರೂ ನಾಲ್ಕು ತಿಂಗಳು ಬೇಕು. ಕೆಲಸದ ಪತ್ರ ಬಂದ ಮೇಲೆ ಶುರು ಮಾಡಿದರೆ ಹೆಚ್ಚಿನವರಿಗೆ ಹೊಂದುವುದಿಲ್ಲ. ಇಂಟರ್‌ವ್ಯೂ ನಡೆಯುತ್ತಿರುವಾಗಲೇ ಚಿಪ್ ಹಾಕಿಸಿಬಿಡಿ. ಕೆಲಸ ಸಿಗದಿದ್ದರೆ ನಷ್ಟವೇನೂ ಇಲ್ಲ.

ಚಿಪ್‌ಗೆ ಮುಂಚೆ ಹಾಕಿಸಿದ ಲಸಿಕೆಗಳು ಲೆಕ್ಕಕ್ಕಿಲ್ಲ. ಕೆಂಚನಿಗೆ ವರ್ಷವರ್ಷ ಹಾಕಿಸಿದ್ದೆವು, ಆದರೂ ಮತ್ತೆ ಹಾಕಿಸಬೇಕಾಯಿತು. ಚಿಪ್ ಅಂದರೆ ಅಕ್ಕಿ ಕಾಳಿನಷ್ಟು ದೊಡ್ಡದು, ಹೆಗಲ ಹತ್ತಿರ ಚರ್ಮದಡಿ ಸೂಜಿಯಿಂದ ಸೇರಿಸುತ್ತಾರೆ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಮುಂದೆ ಪ್ರತಿಯೊಂದು ಕಾಗದದಲ್ಲೂ ಅದೇ ನಂಬರ್ ಬರಬೇಕು. ಒಂದು ಕ್ಲಿನಿಕ್‌ನಲ್ಲಿ ಲಸಿಕೆ ಪುಸ್ತಕಕ್ಕೆ ಬರೆಯುವಾಗ ಎರಡು ಅಂಕಿ ಅದಲುಬದಲು ಮಾಡಿದ್ದರು. ಅಲ್ಲೇ ನಿಂತು ಸ್ಕ್ಯಾನರ್ ಹಿಡಿಸಿ, ಒಂದೊಂದೇ ಅಂಕಿ ಓದಿಸಿ, ತಿದ್ದಿಸಿ ಸೀಲ್ ಹಾಕಿಸಿಕೊಂಡೆ. ಲಸಿಕೆ ಸೀಸೆಯ ಸ್ಟಿಕರ್, ಬ್ಯಾಚ್ ನಂಬರ್, ಡಾಕ್ಟರ್ ಸಹಿ, ಎಲ್ಲ ನೋಡಿಕೊಂಡೇ ಹೊರಗೆ ಬನ್ನಿ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ತಲೆನೋವಿದೆ: ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದಾಗಿನಿಂದ ಉಣುಗಿನ ಹೆದರಿಕೆ ನಮಗೆ ಹೊಸದಲ್ಲ. ನಾಯಿಗಳಿಗೆ ಬೇರೆ ಥರದ ಉಣುಗು ಜ್ವರ ಬರುತ್ತದೆ. ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಡಾಕ್ಟರು ಕೆಂಚನ ಕಿವಿ ಮಡಚಿ ನೋಡಿ, "ಮೊದಲು ಇದನ್ನು ಸರಿಮಾಡೋಣ. ಮೈಯಲ್ಲಿ ಕಾಯಿಲೆ ಇದ್ದರೆ ಲಸಿಕೆ ಸರಿಯಾಗಿ ಹಿಡಿಯೋದಿಲ್ಲ" ಅಂದರು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಬೂದು ಬಣ್ಣದ ಉಣುಗುಗಳು ಕಚ್ಚಿಕೊಂಡು ಕೂತಿದ್ದವು. ಅದಕ್ಕೆ ಔಷಧಿ ಮಾಡಿ, ರಕ್ತ ನೋಡಿ, ಆಮೇಲೆ ಚಿಪ್ ಹಾಕಿ ಲಸಿಕೆ ಕೊಟ್ಟರು. ಆ ಮಾತು ಕೇಳಿದ್ದು ಒಳ್ಳೆಯದೇ ಆಯಿತು. ಲಸಿಕೆ ಆದ ಮೇಲಿನ ರಕ್ತ ಪರೀಕ್ಷೆಯಲ್ಲಿ ಮಿಲಿಲೀಟರಿಗೆ ಕನಿಷ್ಠ 0.5 ಯೂನಿಟ್ ರೇಬೀಸ್ ಪ್ರತಿಕಾಯ ಬರಬೇಕು. ಕಮ್ಮಿ ಬಂದರೆ ಮತ್ತೆ ಲಸಿಕೆ, ಮತ್ತೆ ಕಾಯುವುದು. ಈ ಪರೀಕ್ಷೆ ಐರೋಪ್ಯ ಒಕ್ಕೂಟ ಒಪ್ಪಿದ ಲ್ಯಾಬ್‌ನಲ್ಲೇ ಆಗಬೇಕು.

ವಿಮಾನದಲ್ಲಿ ನಾಯಿ ಪೆಟ್ಟಿಗೆಯೊಳಗೇ ಇರಬೇಕು. ಕಾಯುವ ಆ ತಿಂಗಳುಗಳನ್ನು ನಾನು ಆ ಪೆಟ್ಟಿಗೆಯ ಅಭ್ಯಾಸಕ್ಕೆ ಬಳಸಿದೆ. ಕೆಂಚ ಹುಟ್ಟಿದಾಗಿನಿಂದ ಬಾಗಿಲು ಹಾಕಿದ ಜಾಗದಲ್ಲಿ ಇದ್ದವನೇ ಅಲ್ಲ. ಪೆಟ್ಟಿಗೆಯೊಳಗೆ ನಾಯಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಎತ್ತರವನ್ನು ತಲೆಯಿಂದಲ್ಲ, ನೆಟ್ಟಗಿನ ಕಿವಿಯ ತುದಿಯಿಂದ ಅಳೆಯಬೇಕು. ಊರುನಾಯಿಗಳ ಕಿವಿ ಗೊತ್ತಲ್ವಾ, ಒಂದು ಸೈಜು ದೊಡ್ಡದೇ ಬೇಕಾಯಿತು. ಬಾಗಿಲು ಬಿಚ್ಚಿಟ್ಟು ಜಗಲಿಯಲ್ಲಿ ಇಟ್ಟೆ. ಒಳಗೆ ಅಪ್ಪನ ಹಳೇ ಕಂಬಳಿ ಹಾಸಿದೆ. ಮೊದಮೊದಲು ಮೂಸಿ ನೋಡಿ ದೂರ ಹೋಗಿ ಕೂರುತ್ತಿದ್ದ. ಊಟದ ತಟ್ಟೆ ಅದರೊಳಗೇ ಇಟ್ಟ ಮೇಲೆ ಮುಂಗಾಲು ಒಳಗೆ, ಹಿಂಗಾಲು ಹೊರಗೆ. ಮಳೆ ಹಿಡಿದ ಮೇಲೆ ತಾನಾಗಿಯೇ ಪೂರ್ತಿ ಒಳಗೆ ಸೇರಿದ. ಆಮೇಲೆ ಬಾಗಿಲು ಜೋಡಿಸಿ, ಮೊದಲು ಐದು ನಿಮಿಷ, ಆಮೇಲೆ ಇಡೀ ರಾತ್ರಿ. ನಿದ್ದೆ ಮಾತ್ರೆ ಕೊಡಿ ಅಂತ ಹೇಳುವವರು ಸಿಗುತ್ತಾರೆ. ಕೊಡಬೇಡಿ. ಮೇಲೆ ಹೋದಾಗ ಉಸಿರಾಟಕ್ಕೆ, ರಕ್ತದೊತ್ತಡಕ್ಕೆ ಅಪಾಯ.

ಬೆಂಗಳೂರಿಗೆ ಕಾರಲ್ಲೇ ಹೋದೆವು. ರೈಲಲ್ಲಿ ಮೊದಲ ದರ್ಜೆ ಎಸಿಯ ಇಡೀ ಕೂಪೆ ಹಿಡಿಯದಿದ್ದರೆ ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆಗೆ ಹೋಗಬೇಕು. ಅದು ನನಗೆ ಬೇಡ ಅನಿಸಿತು. ಬೆಂಗಳೂರಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಲ್ಲಿ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ಅದು ಕೊಟ್ಟ 10 ದಿನದೊಳಗೆ ಯುರೋಪಿನ ನೆಲ ಮುಟ್ಟಿರಬೇಕು. ಹಾಗಾಗಿ ಟಿಕೆಟ್ ಮೊದಲು, ಪತ್ರ ಆಮೇಲೆ. ಟಿಕೆಟ್‌ಗೂ ಮುಂಚೆ ವಿಮಾನ ಕಂಪನಿಗೆ ಫೋನ್ ಮಾಡಿ ನಾಯಿಗೆ ಜಾಗ ಇದೆಯಾ ಕೇಳಿ. ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವನ್ನೇ ಹಿಡಿದೆ. ಮಧ್ಯೆ ಇಳಿದು ಹತ್ತುವ ದಾರಿ ಅಗ್ಗ ಇರಬಹುದು, ಆದರೆ ಪ್ರತಿ ಬದಲಾವಣೆಯಲ್ಲೂ ನಾಯಿ ರನ್‌ವೇ ಪಕ್ಕದ ಗದ್ದಲದಲ್ಲಿ ಕಾಯಬೇಕಾಗುತ್ತದೆ. ಹೊರಡುವ ಹಿಂದಿನ ದಿನ ನೀರಿನ ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿದ್ದೆ. ಹತ್ತಿಸುವಾಗ ಚೆಲ್ಲುವುದಿಲ್ಲ, ದಾರಿಯಲ್ಲಿ ಕರಗಿ ಕುಡಿಯಲು ಸಿಗುತ್ತದೆ.

ಇಳಿದ ಮೇಲೆ ಚಿಪ್ ಸ್ಕ್ಯಾನ್ ಮಾಡಿ, ಕಾಗದ ನೋಡಿ ಬಿಟ್ಟರು. ಜರ್ಮನಿಯಲ್ಲಿ ನೀವು ಇರುವ ಊರಲ್ಲಿ ನಾಯಿ ತೆರಿಗೆ ಕಟ್ಟಬೇಕು, ಅದು ಊರಿನಿಂದ ಊರಿಗೆ ಬೇರೆ ಬೇರೆ. ಬಾಡಿಗೆ ಮನೆ ಹುಡುಕುವಾಗ ನಾಯಿ ಇದೆ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಆಮೇಲೆ ರಗಳೆ.

ಅಲ್ಲಿಗೆ ಹೋದ ಕೂಡಲೇ ಪಶುವೈದ್ಯರ ಹತ್ತಿರ ಐರೋಪ್ಯ ಪೆಟ್ ಪಾಸ್‌ಪೋರ್ಟ್ ಮಾಡಿಸಿ, ರಕ್ತ ಪರೀಕ್ಷೆಯ ಫಲಿತಾಂಶವನ್ನು ಅದರಲ್ಲಿ ಬರೆಸಿಕೊಳ್ಳಿ. ರೇಬೀಸ್ ಬೂಸ್ಟರ್ ಲಸಿಕೆಯ ತಾರೀಕು ಒಂದು ದಿನವೂ ತಪ್ಪಬಾರದು. ಇವೆರಡೂ ಸರಿಯಿದ್ದರೆ, ನಾಯಿಯನ್ನು ಯಾವಾಗಲಾದರೂ ಊರಿಗೆ ಕರೆತಂದರೂ ವಾಪಸ್ ಹೋಗಲು ಆ ಮೂರು ತಿಂಗಳು ಮತ್ತೆ ಕಾಯಬೇಕಿಲ್ಲ.