ಬಿಲ್ಡಿಂಗ್ ಗ್ಲಾಸ್ ಕ್ಲೀನಿಂಗ್ ಕೊಟೇಶನ್ನಲ್ಲಿ ಕಂಡೀಷನ್ಸ್ ಹೇಗೆ ಬರೀಬೇಕು

ಬೆಂಗಳೂರಲ್ಲಿ ಹೊಸದಾಗಿ ಫಸಾಡ್ ಕ್ಲೀನಿಂಗ್ (ಬಿಲ್ಡಿಂಗಿನ ಹೊರಗಡೆ ಗಾಜು ತೊಳೆಯೋ ಕೆಲಸ) ಶುರು ಮಾಡಿರೋರ ಕೊಟೇಶನ್ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ, ಮೇಲೆ ಸ್ಕ್ವೇರ್ ಫೀಟಿಗೆ ಇಷ್ಟು ರೇಟು, ಕೆಳಗೆ ಜಿಎಸ್‌ಟಿ ಎಕ್ಸ್‌ಟ್ರಾ, 50% ಅಡ್ವಾನ್ಸ್, ಥ್ಯಾಂಕ್ ಯೂ, ಮುಗೀತು. ರೇಟಿಗೆ ತಲೆ ಕೆಡಿಸ್ಕೊಂಡಷ್ಟು ಕಂಡೀಷನ್ಸಿಗೆ ಯಾರೂ ಕೆಡಿಸ್ಕೊಳಲ್ಲ, ಅದು ಯಾವ್ದೋ ಹಳೇ ಫೈಲಿಂದ ಕಾಪಿ ಪೇಸ್ಟ್. ಆದ್ರೆ ಈ ಕೆಲಸದಲ್ಲಿ ದುಡ್ಡು ಸೋರೋದು ರೇಟಲ್ಲಲ್ಲ, ಹುಡುಗ್ರು ಹಾರ್ನೆಸ್ ಹಾಕ್ಕೊಂಡು ರೆಡಿಯಾಗಿ ಕೆಲಸ ಇಲ್ದೆ ಟೆರೇಸ್ ಮೇಲೆ ಕೂತಿರೋ ದಿನಗಳಲ್ಲಿ. ಹಾಗಾಗಿ ಬರಿಯೋಕೆ ಕೂತಾಗ ಇದೊಂದೇ ಯೋಚನೆ ಮಾಡಿ: ಕೆಲಸ ಯಾವ್ಯಾವ ಕಾರಣಕ್ಕೆ ನಿಲ್ಲಬಹುದು, ನಿಂತ್ರೆ ಆ ದಿನದ ಖರ್ಚು ಯಾರ್ದು?

ಇದಕ್ಕೆ ಮೊದಲು ಸೈಟ್ ವಿಸಿಟ್ ಮಾಡಲೇಬೇಕು, ಫೋಟೋ ನೋಡಿ ಕೊಟೇಶನ್ ಕಳಿಸ್ಬೇಡಿ. ಟೆರೇಸಿಗೆ ಹತ್ತಿ ಹಗ್ಗ ಕಟ್ಟೋಕೆ ಆ್ಯಂಕರ್ ಪಾಯಿಂಟ್ ಇದ್ಯಾ, ಪ್ಯಾರಾಪೆಟ್ ಗಟ್ಟಿ ಇದ್ಯಾ, ನಲ್ಲಿ ಎಲ್ಲಿದೆ, ಕೆಳಗೆ ಕಾರ್ ಪಾರ್ಕಿಂಗ್ ಇದ್ಯಾ ನೋಡ್ಕೊಳಿ. ಆ್ಯಂಕರ್ ಇಲ್ಲ ಅಂದ್ರೆ ಅದನ್ನ ಹಾಕಿಸೋ ಖರ್ಚು, ಟೆಸ್ಟ್ ಮಾಡಿಸೋ ಜವಾಬ್ದಾರಿ ಯಾರ್ದು ಅಂತ ಅಲ್ಲೇ ಬರೀರಿ. "ಸೇಫ್ಟಿ ಎಲ್ಲಾ ಕಂಟ್ರ್ಯಾಕ್ಟರ್ ಜವಾಬ್ದಾರಿ" ಅಂತ ಕ್ಲೈಂಟ್ ಒಂದು ಲೈನ್ ಹಾಕ್ತಾರೆ, ಅದಕ್ಕೆ ಸೈನ್ ಮಾಡಿದ್ರೆ ಅವರ ಬಿಲ್ಡಿಂಗಿನ ಸಡಿಲ ಗೋಡೆಗೂ ನೀವೇ ಹೊಣೆ ಅಂತ ವಾದ ಶುರುವಾಗತ್ತೆ.

ಇನ್ನು ನಿಂತ ದಿನದ ವಿಷಯ. ಟೆಕ್ ಪಾರ್ಕಲ್ಲಿ ಶನಿವಾರ ಭಾನುವಾರ ಮಾತ್ರ ಕೆಲಸ ಮಾಡಿ ಅಂತಾರೆ, ಆದ್ರೆ ಶನಿವಾರ ಬೆಳಿಗ್ಗೆ ಹೋದ್ರೆ ಗೇಟಲ್ಲಿ ಸೆಕ್ಯುರಿಟಿ ಬಿಡಲ್ಲ, ಹೈಟ್ ವರ್ಕ್ ಪರ್ಮಿಟ್ ಸೈನ್ ಮಾಡೋರು ಇನ್ನೂ ಬಂದಿಲ್ಲ, ಬಂದ್ಮೇಲೆ ಸೇಫ್ಟಿ ಇಂಡಕ್ಷನ್, ಅಷ್ಟರಲ್ಲಿ ಮಧ್ಯಾಹ್ನ. "ಕ್ಲೈಂಟ್ ಕಡೆಯಿಂದ ತಡ ಆದ್ರೆ ಎಕ್ಸ್‌ಟ್ರಾ ಚಾರ್ಜ್ ಆಗತ್ತೆ" ಅಂತ ಬರೆದ್ರೆ ಯಾರೂ ಕೊಡಲ್ಲ, ಯಾಕಂದ್ರೆ ಎಷ್ಟು ಅಂತಾನೇ ಇಲ್ಲ. ಹೀಗೆ ಬರೀರಿ: "ಮೊದಲೇ ಒಪ್ಪಿದ ದಿನ ಬೆಳಿಗ್ಗೆ 9ಕ್ಕೆ ನಮ್ಮ ಟೀಮ್ ಸೈಟಲ್ಲಿದ್ದು, 11ರೊಳಗೆ ಪರ್ಮಿಟ್, ನೀರು, ಕರೆಂಟ್, ಟೆರೇಸ್ ಕೀ ಇವುಗಳಲ್ಲಿ ಯಾವುದಾದ್ರೂ ಸಿಗದಿದ್ರೆ ಅರ್ಧ ದಿನದ ಐಡಲ್ ಚಾರ್ಜ್ ಇಷ್ಟು ರೂಪಾಯಿ, ಮಧ್ಯಾಹ್ನ 2ರವರೆಗೂ ಸಿಗದಿದ್ರೆ ಇಡೀ ದಿನದ್ದು." ಟೈಮೂ ಇದೆ, ಅಮೌಂಟೂ ಇದೆ. ಆ ದಿನವೇ ಫೆಸಿಲಿಟಿ ಮ್ಯಾನೇಜರ್‌ಗೆ ಒಂದು ವಾಟ್ಸಾಪ್ ಹಾಕಿಡಿ, ನಾಳೆ ಬಿಲ್ ಹಾಕುವಾಗ ಅದೇ ದಾಖಲೆ.

ಮಳೆಗೆ ಮಾತ್ರ ಐಡಲ್ ಚಾರ್ಜ್ ಕೇಳ್ಬೇಡಿ, ಅದು ಯಾರ ತಪ್ಪೂ ಅಲ್ಲ. ಅಷ್ಟು ದಿನ ಕೆಲಸದ ಗಡುವು ಮುಂದೆ ಹೋಗತ್ತೆ, ಪೆನಾಲ್ಟಿ ಇಲ್ಲ ಅಂತ ಬರೀರಿ ಸಾಕು. ಗಾಳಿ ಜಾಸ್ತಿ ಆದಾಗ ಹಗ್ಗದಿಂದ ಇಳಿಸೋ ತೀರ್ಮಾನ ನಮ್ಮ ಸೂಪರ್‌ವೈಸರ್‌ದೇ ಅನ್ನೋ ಮಾತು ಸ್ಪಷ್ಟವಾಗಿರಲಿ. ಏಪ್ರಿಲ್ ಮೇನಲ್ಲಿ ಬಿಸಿಲು ಇರತ್ತೆ ಅಂತ ಅವ್ರು ಕರೀತಾರೆ, ಸಂಜೆ ಗುಡುಗು ಗಾಳಿ ಬರೋದೂ ಅದೇ ತಿಂಗಳಲ್ಲೇ.

ಹೆಜ್ಜೇನು! ಇದನ್ನ ಬರಿಯೋರೇ ಕಮ್ಮಿ. ನಮ್ಮೂರಲ್ಲಿ ಎತ್ತರದ ಬಿಲ್ಡಿಂಗಿನ ಸಜ್ಜೆ ಕೆಳಗೆ ಹೆಜ್ಜೇನು ಕಟ್ಟೋದು ಮಾಮೂಲಿ, ಹಗ್ಗದಲ್ಲಿ ನೇತಾಡ್ತಿರೋನು ಹುಳ ಎದ್ರೆ ಎಲ್ಲಿಗೆ ಓಡ್ತಾನೆ? ಗೂಡು ತೆಗೆಸೋದು ನಮ್ಮ ಸ್ಕೋಪಲ್ಲಿಲ್ಲ, ಕ್ಲೈಂಟ್ ತೆಗೆಸಿಕೊಡೋವರೆಗೂ ಆ ಸೈಡಲ್ಲಿ ಕೆಲಸ ಮಾಡಲ್ಲ, ಬೇರೆ ಸೈಡ್ ಮುಗಿಸ್ತೀವಿ ಅಂತ ಹಾಕಿ.

ನೀರಂತೂ ಅವರೇ ಫ್ರೀಯಾಗಿ ಕೊಡ್ತೀವಿ ಅಂತಾರೆ, ಆದ್ರೆ ಎಂಥ ನೀರು? ಬೋರ್‌ವೆಲ್ ಗಡಸು ನೀರಲ್ಲಿ ತೊಳೆದ್ರೆ ಒಣಗಿದ್ಮೇಲೆ ಬಿಳಿ ಚುಕ್ಕೆ ಉಳಿಯತ್ತೆ, ಆಮೇಲೆ ಕ್ಲೀನೇ ಆಗಿಲ್ಲ ಅಂತ ಬಿಲ್ ಹಿಡೀತಾರೆ. ಕೊನೇ ವಾಶಿಗೆ ಆರ್‌ಓ ಅಥವಾ ಡಿಎಂ (ಲವಣ ತೆಗೆದ) ನೀರು ಬೇಕಿದ್ರೆ ಅದರ ರೇಟ್ ಬೇರೆ ಅಂತ ತೋರಿಸಿ.

ಸ್ಕೋಪಲ್ಲಿ ಧೂಳು, ಪಾರಿವಾಳದ ಹಿಕ್ಕೆ ಸೇರಿಸಿ, ಆದ್ರೆ ಸಿಮೆಂಟ್ ಕಲೆ, ಪೇಂಟ್, ಸಿಲಿಕೋನ್ ಮಾರ್ಕ್ ಇವೆಲ್ಲ ಬೇರೆ ರೇಟು. ಗಡಸು ಕಲೆಗೆ ಆ್ಯಸಿಡ್ ಹಾಕಿ ಬೇಗ ತೆಗೀರಿ ಅಂತ ಒತ್ತಾಯ ಬರತ್ತೆ, ಹೈಡ್ರೋಫ್ಲೋರಿಕ್ ಇರೋ ಕೆಮಿಕಲ್ ಗಾಜನ್ನೇ ತಿನ್ನತ್ತೆ, ಮೈ ಮೇಲೆ ಬಿದ್ರಂತೂ ಪ್ರಾಣಕ್ಕೇ ಅಪಾಯ, ಬಳಸಲ್ಲ ಅಂತಾನೇ ಬರೀರಿ. ಒಂದು ಪ್ಯಾನಲ್ ಸ್ಯಾಂಪಲ್ ಮಾಡಿ ತೋರಿಸಿ ಸೈನ್ ತಗೊಂಡ್ರೆ ಉಳಿದಿದ್ದೆಲ್ಲ ಅದರ ಲೆಕ್ಕದಲ್ಲೇ. ಹಳೇ ಗೀರು, ಒಡೆದ ಗಾಜು, ಬಿಟ್ಟಿರೋ ಸೀಲೆಂಟ್ ಎಲ್ಲದರ ಫೋಟೋ ಕೆಲಸಕ್ಕೆ ಮುಂಚೆ ಮೇಲ್ ಮಾಡಿ. ಮುಗಿದಿದ್ದಕ್ಕೂ ಸೈಡ್ ಪ್ರಕಾರ ಸೈನ್ ತಗೊಳಿ, ನಾಲ್ಕೂ ಸೈಡ್ ಮುಗಿಯೋವರೆಗೆ ಕಾದ್ರೆ ಮೊದಲ್ನೇ ಸೈಡಲ್ಲಿ ಮತ್ತೆ ಧೂಳು ಕೂತಿರತ್ತೆ.

ಪೇಮೆಂಟ್ ವಿಷಯಕ್ಕೆ ಬಂದ್ರೆ ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ಯಮಗಳಿಗೆ ಸರ್ಕಾರದ ನೋಂದಣಿ) ಮಾಡಿಸ್ಕೊಂಡು ಆ ನಂಬರ್ ಕೊಟೇಶನ್ ಮೇಲೂ ಬಿಲ್ ಮೇಲೂ ಹಾಕಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮೈಕ್ರೋ, ಸ್ಮಾಲ್ ಉದ್ಯಮಕ್ಕೆ ಬರಹದ ಒಪ್ಪಂದ ಇದ್ರೂ ಪೇಮೆಂಟ್ 45 ದಿನ ಮೀರೋ ಹಾಗಿಲ್ಲ, ಒಪ್ಪಂದನೇ ಇಲ್ದಿದ್ರೆ 15 ದಿನ, ತಡ ಆದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. 90 ದಿನ ಅಂತ ಕ್ಲೈಂಟ್ ಕಳಿಸೋ ಪಿಓಲಿ (ಪರ್ಚೇಸ್ ಆರ್ಡರ್) ಬರೆದ್ರೂ ಅದು ಕಾಯ್ದೆ ಮುಂದೆ ನಿಲ್ಲಲ್ಲ. ಜಗಳ ಮಾಡ್ಬೇಡಿ, ಮೆತ್ತಗೆ ಒಂದು ಲೈನಲ್ಲಿ ನೆನಪಿಸಿ, ಅವರ ಅಕೌಂಟ್ಸ್‌ನೋರಿಗೆ ಗೊತ್ತಿರತ್ತೆ. ಜಿಎಸ್‌ಟಿ 18% ಬೇರೆ ಲೈನಲ್ಲಿ ತೋರಿಸಿ, ಆಗ ಟಿಡಿಎಸ್ (ಪೇಮೆಂಟಲ್ಲೇ ಕಡಿಯೋ ಟ್ಯಾಕ್ಸ್) ಮೂಲ ಮೊತ್ತದ ಮೇಲೆ ಮಾತ್ರ ಹಿಡೀತಾರೆ.

ಇಷ್ಟೆಲ್ಲಾ ಬರೆದ್ಮೇಲೂ ಒಂದು ಕಡೆ ಎಲ್ಲಾ ಹೋಗಿಬಿಡತ್ತೆ, ಅದು ಪಿಓ. ಅವ್ರು ಕಳಿಸೋ ಪಿಓ ಹಿಂದೆ ಸಣ್ಣಕ್ಷರದಲ್ಲಿ ಅವರದೇ ಕಂಡೀಷನ್ಸ್ ಇರತ್ತೆ, ಅದನ್ನ ಒಪ್ಪಿ ಕೆಲಸ ಶುರು ಮಾಡಿದ್ರೆ ನಿಮ್ಮ ಕೊಟೇಶನ್ ಕಂಡೀಷನ್ಸ್ ಹಿಡ್ಕೊಂಡು ವಾದ ಮಾಡೋದು ಕಷ್ಟ. ಪಿಓ ಬಂದ ತಕ್ಷಣ ಕೊಟೇಶನ್ ಪಕ್ಕದಲ್ಲಿಟ್ಟು ಓದಿ, ನಿಮ್ಮ ಕೊಟೇಶನ್ ನಂಬರ್, ತಾರೀಕು ಅದರಲ್ಲಿ ಬಂದಿದ್ಯಾ ನೋಡಿ. ಇಲ್ಲಾಂದ್ರೆ "ನಮ್ಮ ಕೊಟೇಶನ್ ಕಂಡೀಷನ್ಸ್ ಸೇರಿಸಿ ಪಿಓ ತಿದ್ದಿ ಕಳಿಸಿ" ಅಂತ ಮೇಲ್ ಹಾಕಿ, ಉತ್ತರ ಬರೋವರೆಗೂ ಹಗ್ಗ, ಹುಡುಗ್ರು ಗೋಡೌನಲ್ಲೇ ಇರಲಿ.